ತೋಟದ ಪಾಲು: ಉಯಿಲು ಬರೆದರೆ ಸಾಕೇ?

ಪ್ರಶ್ನೆ, ತೀರ್ಥಹಳ್ಳಿಯಿಂದ: ಮೂರು ಎಕರೆ ಅಡಿಕೆ ತೋಟ. ಎರಡು ಎಕರೆ ಅಪ್ಪ, ಅಣ್ಣತಮ್ಮಂದಿರ ಜತೆ ಪಾಲಾದಾಗ ಬಂದದ್ದು, ಒಂದು ನಾನೇ ಕೊಂಡದ್ದು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮುಂದೆ ಜಗಳ ಬೇಡ. ಉಯಿಲು ಬರೆದರೆ ಸಾಕೇ?

ಉತ್ತರ, ಸಾಗರದಿಂದ: ಸಾಲದು ಅಣ್ಣ. ಪಾಲಿಗೆ ಬಂದ ಎರಡು ಎಕರೆ ಪಿತ್ರಾರ್ಜಿತ. ಅದರಲ್ಲಿ ನಿಮ್ಮ ಭಾಗವನ್ನಷ್ಟೇ ಉಯಿಲಿನಲ್ಲಿ ಬರೆಯಬಹುದು, ಉಳಿದದ್ದು ಮಕ್ಕಳದೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಸಮಪಾಲು, ಮದುವೆಯಾಗಿದ್ದರೂ. 'ಮದುವೆಗೆ ಖರ್ಚು ಮಾಡಿದ್ದೇವಲ್ಲ' ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅವಳು ಮನಸಾರೆ ಬಿಟ್ಟುಕೊಡುವುದಾದರೆ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. ಇನ್ನು ನೀವು ಕೊಂಡ ಎಕರೆ: ಹಳೆ ತೋಟದ ಅಡಿಕೆ ದುಡ್ಡಿನಲ್ಲೇ ಕೊಂಡಿದ್ದರೆ ಅದೂ ಕೂಡುಕುಟುಂಬದ್ದೆಂಬ ವಾದ ಏಳುತ್ತದೆ. ಸಂಬಳ, ವ್ಯಾಪಾರದ ದುಡ್ಡಾದರೆ ಬ್ಯಾಂಕ್ ದಾಖಲೆ ಕ್ರಯಪತ್ರದ ಜತೆಗೇ ಇಡಿ.

ಹೊಸನಗರದಿಂದ: ಪಿತ್ರಾರ್ಜಿತಕ್ಕೆ ನೀವು ಇರುವಾಗಲೇ ಪಾಲುಪತ್ರ ಮಾಡಿ ನೋಂದಾಯಿಸುವುದು ಒಳ್ಳೆಯದು. ಮೊದಲು ಪಹಣಿ ನಿಮ್ಮ ಹೆಸರಿನಲ್ಲಿದೆಯೇ ನೋಡಿ. ಅಜ್ಜನ ಹೆಸರಲ್ಲೇ ಉಳಿದಿದ್ದರೆ ಖಾತೆ ಸರಿಪಡಿಸಿ, ಆಮೇಲೆ ಸರ್ವೆಯವರಿಂದ ಪ್ರತಿ ಪಾಲಿನ ಗಡಿ, ಅಳತೆ ತೋರಿಸುವ 11ಇ ನಕ್ಷೆ ಮಾಡಿಸಿ.

ನಮ್ಮ ಕಡೆ ಜಗಳ ಹುಟ್ಟುವುದು ಎಕರೆಗಲ್ಲ, ದಾರಿಗೆ ಮತ್ತು ನೀರಿಗೆ. ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದು ಕೈತೊಳೆದುಕೊಳ್ಳಬೇಡಿ. ಗೊಬ್ಬರದ ಗಾಡಿ ಯಾರ ಪಾಲಿನೊಳಗೆ ಹೋಗಬೇಕು, ದಾರಿ ಎಷ್ಟು ಅಡಿ ಅಗಲ? ಕಾಲುವೆ ನೀರು ಯಾರಿಗೆ ಯಾವ ದಿನ? ಬೋರ್‌ವೆಲ್ ಯಾರದು, ಕರೆಂಟ್ ಬಿಲ್ಲಿನಲ್ಲಿರುವ ಮೀಟರಿನ ಆರ್‌.ಆರ್‌. ಸಂಖ್ಯೆ ಯಾವುದು, ಮೋಟಾರ್ ಸುಟ್ಟರೆ ರಿಪೇರಿ ಖರ್ಚು ಹೇಗೆ ಹಂಚಿಕೆ? ಅಡಿಕೆ ಒಣಗಿಸುವ ಅಂಗಳ, ಬೇಯಿಸುವ ಹಂಡೆಯನ್ನೂ ಬಿಡಬೇಡಿ. ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಕಾಡು, ಅಂದರೆ ಸೊಪ್ಪಿನಬೆಟ್ಟವನ್ನು ಮಾತ್ರ ಸ್ವಂತ ಜಮೀನೆಂದು ಸೇರಿಸಬೇಡಿ. ಅಲ್ಲಿ ಸೊಪ್ಪು ತರುವ ಸವಲತ್ತಷ್ಟೇ ನಮ್ಮದು, ಯಾರು ಯಾವ ಬದಿ ಅನ್ನುವುದನ್ನು ಬರೆದರೆ ಸಾಕು. ಸೊಸೈಟಿ ಸಾಲ ಇದ್ದರೆ ತೀರಿಸುವವರು ಯಾರೆಂದೂ ಇರಲಿ.

ಶಿವಮೊಗ್ಗದಿಂದ: ಉಯಿಲಿಗೆ ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳು ನಿಮ್ಮೆದುರೇ ಸಹಿ ಹಾಕಬೇಕು. ಸಾಕ್ಷಿಗಳು ನಿಮಗಿಂತ ಚಿಕ್ಕವರಾಗಿರಲಿ, ಆಸ್ತಿ ಪಡೆಯುವವರು ಬೇಡ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ದಾನಪತ್ರ ಬರೆಯುವ ಮುನ್ನ ಎರಡು ಸಲ ಯೋಚಿಸಿ, ಸುಲಭಕ್ಕೆ ವಾಪಸ್ಸಾಗುವುದಿಲ್ಲ. ಬರೆಯಲೇಬೇಕಾದರೆ 'ನನ್ನನ್ನೂ ಹೆಂಡತಿಯನ್ನೂ ನೋಡಿಕೊಳ್ಳಬೇಕು' ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ದಾನ ರದ್ದತಿ ಕೇಳುವಾಗ ಆ ಸಾಲು ಬೇಕಾಗುತ್ತದೆ. ಬ್ಯಾಂಕ್ ಠೇವಣಿಗೆ ಮಗನ ಹೆಸರು ನಾಮಿನಿ ಎಂದಿದ್ದರೆ ಹಣ ಅವನದೇ ಎಂದಲ್ಲ, ತೆಗೆದುಕೊಂಡು ವಾರಸುದಾರರಿಗೆ ಹಂಚುವ ಹೊಣೆ ಅವನದು. ಯಾರಿಗೆಷ್ಟು ಎಂಬುದನ್ನು ಉಯಿಲಿನಲ್ಲೂ ಬರೆಯಿರಿ.