ಹಳೇ ಮ್ಯಾಸಿ 1035: ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ಎಳೀತಿಲ್ಲ

ಕೆಂಪುಗಾಡಿ:
ಗಾಡಿ ಮ್ಯಾಸಿ 1035 ಟ್ರ್ಯಾಕ್ಟರ್, ಮೂರು ಸಿಲಿಂಡರ್ ಡೀಸೆಲ್, 12 ವೋಲ್ಟ್. ಬ್ಯಾಟರಿ ಹೊಸದು, 88 ಎಎಚ್ (ಆಂಪಿಯರ್ ಅವರ್). ಬೆಳಿಗ್ಗೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆದರೆ ಇಂಜಿನ್ ನಿಧಾನಕ್ಕೆ ಸುತ್ತಿ ಹೇಗೋ ಸ್ಟಾರ್ಟ್ ಆಗುತ್ತೆ. ಉಳುಮೆ ಮಾಡಿ ನಿಲ್ಲಿಸಿದ ಮೇಲೆ ಮಾತ್ರ ಒಂದು ಕಂಪ್ರೆಷನ್ ದಾಟೋಕೂ ಒದ್ದಾಡುತ್ತೆ, ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಬ್ಯಾಟರಿ ಟರ್ಮಿನಲ್ ಕ್ಲೀನ್ ಇದೆ. ಸೆಲ್ಫ್ ಬಿಚ್ಚಿ ರಿವೈಂಡಿಂಗ್‌ಗೆ (ಒಳಗಿನ ತಂತಿ ಹೊಸದಾಗಿ ಸುತ್ತಿಸೋಕೆ) ಕೊಡಿ ಅಂತಿದ್ದಾರೆ. ಅದಕ್ಕೆ ಮುಂಚೆ ಏನೇನು ನೋಡಬೇಕು?

ತಂತಿಮಾಮ:
ಸೆಲ್ಫ್ ಇರೋ ಜಾಗದಲ್ಲೇ ಇರಲಿ. ಮಲ್ಟಿಮೀಟರ್ ತಗೊಂಡು 20 ವೋಲ್ಟ್ ಡಿಸಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಸ್ಟಾರ್ಟ್ ಆಗದ ಹಾಗೆ ಸ್ಟಾಪ್ ನಾಬ್ ಎಳೆದಿಟ್ಟುಕೊಳ್ಳಿ. ಒಬ್ಬರು ಐದು ಸೆಕೆಂಡ್ ಸೆಲ್ಫ್ ಹೊಡೀಲಿ, ನೀವು ಮೀಟರ್ ನೋಡಿ.

ಸುಮ್ಮನಿದ್ದಾಗ ಬ್ಯಾಟರಿ 12.6 ಇರಬೇಕು, 12.2 ಇದ್ದರೆ ಅರ್ಧ ಚಾರ್ಜ್ ಅಷ್ಟೇ, ಮೊದಲು ಚಾರ್ಜ್ ಮಾಡಿ. ಆಮೇಲೆ ಸೆಲ್ಫ್ ಹೊಡೆಯುವಾಗ ನಾಲ್ಕು ಅಳತೆ ಬೇಕು. ಬ್ಯಾಟರಿಯ ಎರಡು ಪೋಸ್ಟ್ ನಡುವೆ ಒಂದು. ಸೆಲ್ಫ್‌ನ ದಪ್ಪ ಸ್ಟಡ್‌ಗೂ ಅದರ ಬಾಡಿಗೂ ನಡುವೆ ಒಂದು. ಬ್ಯಾಟರಿ ಪ್ಲಸ್ ಪೋಸ್ಟ್‌ನಿಂದ ಆ ಸ್ಟಡ್‌ಗೆ ಒಂದು. ಬ್ಯಾಟರಿ ಮೈನಸ್ ಪೋಸ್ಟ್‌ನಿಂದ ಸೆಲ್ಫ್ ಬಾಡಿಗೆ ಒಂದು. ಮೀಟರ್ ವಯರಿನ ಮೊನೆಯನ್ನು ಕ್ಲ್ಯಾಂಪ್ ಮೇಲಲ್ಲ, ಸೀಸದ ಪೋಸ್ಟ್ ಮೇಲೇ ಒತ್ತಿ. ಇಲ್ಲದಿದ್ದರೆ ಕ್ಲ್ಯಾಂಪ್‌ಗೂ ಪೋಸ್ಟ್‌ಗೂ ನಡುವೆಯೇ ಡ್ರಾಪ್ (ವೋಲ್ಟ್ ನಷ್ಟ) ಇದ್ದರೆ ಗೊತ್ತಾಗಲ್ಲ. ಪ್ಲಸ್ ಕಡೆ 0.5 ವೋಲ್ಟ್, ಅರ್ತ್ ಕಡೆ (ಗಾಡಿ ಬಾಡಿಗೆ ಹೋಗೋ ಕಡೆ) 0.2 ವೋಲ್ಟ್ ದಾಟಬಾರದು.

ಹಳೇ ಗಾಡಿಗಳಲ್ಲಿ ಕೆಲವಕ್ಕೆ ಪಾಸಿಟಿವ್ ಅರ್ತ್ ಇರುತ್ತೆ, ಯಾವ ಪೋಸ್ಟ್ ಬಾಡಿಗೆ ಹೋಗಿದೆ ಅಂತ ಮೊದಲು ನೋಡ್ಕೊಳ್ಳಿ.

ಕೆಂಪುಗಾಡಿ:
ನಮ್ಮದು ನೆಗೆಟಿವ್ ಅರ್ತ್. ಸುಮ್ಮನಿದ್ದಾಗ 12.6. ಸೆಲ್ಫ್ ಹೊಡೆದಾಗ ಬ್ಯಾಟರಿ 11.1, ಸೆಲ್ಫ್ ಹತ್ತಿರ 8.9. ಪ್ಲಸ್ ಕಡೆ 0.5, ಅರ್ತ್ ಕಡೆ 1.7.

ತಂತಿಮಾಮ:
ಸಿಕ್ಕಿತು. 1.7 ವೋಲ್ಟ್ ಅರ್ತ್‌ನಲ್ಲೇ ಸುಡ್ತಾ ಇದೆ. ಅರ್ತ್ ಪಟ್ಟಿ ಬ್ಯಾಟರಿ ಟ್ರೇಗೋ ಪೇಂಟ್ ಹೊಡೆದ ತಗಡಿಗೋ ಬೋಲ್ಟ್ ಮಾಡಿರ್ತಾರೆ. ಬೋಲ್ಟ್ ಬಿಗಿ ಇದ್ದರೂ ಅಡಿಯಲ್ಲಿ ಪೇಂಟು, ತುಕ್ಕು. ಬಿಚ್ಚಿ ನೋಡಿದರೆ ಲಗ್ (ಕೇಬಲ್ ತುದಿಯ ಲೋಹದ ಬಳೆ) ಅಡಿ ಕಪ್ಪಾಗಿರುತ್ತೆ. ಹೊಸ ಅರ್ತ್ ಕೇಬಲ್ಲನ್ನು ನೇರ ಸೆಲ್ಫ್ ಕೂರಿಸಿರೋ ಬೋಲ್ಟಿಗೇ ತನ್ನಿ, ಲಗ್ ಕೂರೋ ಜಾಗ ಬಿಳಿ ಲೋಹ ಕಾಣೋವರೆಗೂ ಕೆರೆದು ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ.

ಕೇಬಲ್ ದಪ್ಪದಲ್ಲಿ ಜಿಪುಣತನ ಬೇಡ. 25 ಚದರ ಮಿಮೀ ತಾಮ್ರದ ಕೇಬಲ್ 2 ಮೀಟರ್ ಇದ್ದರೆ 300 ಆಂಪಿಯರ್‌ಗೆ ಸುಮಾರು 0.4 ವೋಲ್ಟ್ ತಿನ್ನುತ್ತೆ, 70 ಚದರ ಮಿಮೀ ಹಾಕಿದರೆ 0.15 ಅಷ್ಟೇ. ತಾಮ್ರದ ವೆಲ್ಡಿಂಗ್ ಕೇಬಲ್ ನಡೆಯುತ್ತೆ. ತಾಮ್ರದ ಬಣ್ಣದ ಅಲ್ಯೂಮಿನಿಯಂ ಬೇಡ. ಲಗ್ಗನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿಸಬೇಡಿ, ಕ್ರಿಂಪಿಂಗ್ ಟೂಲ್ ಇರೋ ಕಡೆ ಒತ್ತಿಸಿ.

ಕೆಂಪುಗಾಡಿ:
ಅರ್ತ್ ಕೇಬಲ್ 70 ಹಾಕಿಸಿ ಸೆಲ್ಫ್ ಬೋಲ್ಟಿಗೆ ತಂದೆ. ಈಗ ಬ್ಯಾಟರಿ 10.5, ಸೆಲ್ಫ್ 9.6, ಪ್ಲಸ್ ಕಡೆ 0.7, ಅರ್ತ್ 0.2. ಬೆಳಿಗ್ಗೆ ಜೋರಾಗಿ ಸುತ್ತುತ್ತೆ. ಆದರೆ ಬ್ಯಾಟರಿ ಮೊದಲಿಗಿಂತ ಕೆಳಗೆ ಇಳೀತಿದೆ, ಬ್ಯಾಟರಿ ಹೋಯ್ತಾ? ಬಿಸಿಯಲ್ಲಿ ಇನ್ನೂ ಸ್ವಲ್ಪ ಎಳೆದಾಟ ಇದೆ.

ಲೇತ್‌ಮನೆ:
ಬ್ಯಾಟರಿ ಚೆನ್ನಾಗೇ ಇದೆ. ಮೊದಲು ಕೆಟ್ಟ ಅರ್ತ್ ಕರೆಂಟನ್ನೇ ತಡೆದು ನಿಲ್ಲಿಸಿತ್ತು, ಅದಕ್ಕೆ ಬ್ಯಾಟರಿಗೆ ಭಾರವೇ ಬಿದ್ದಿರಲಿಲ್ಲ. ಈಗ ಸೆಲ್ಫ್‌ಗೆ ಬೇಕಾದಷ್ಟು ಹೋಗ್ತಿದೆ. ಅದೇ ಕಾರಣಕ್ಕೆ ಪ್ಲಸ್ ಕಡೆ 0.5 ಇದ್ದದ್ದು 0.7 ಆಗಿದೆ, ಅದನ್ನೂ ದಪ್ಪ ಕೇಬಲ್‌ಗೆ ಬದಲಿಸಿ, ಸೆಲ್ಫ್‌ಗೆ ಕರೆಂಟ್ ಬಿಡೋ ಸ್ವಿಚ್‌ನ ಎರಡು ಸ್ಟಡ್ ನಡುವೆ ಬೇರೆಯಾಗಿ ಅಳೆಯಿರಿ.

ಬಿಸಿಯ ತೊಂದರೆಗೆ ಬುಷ್ (ಸೆಲ್ಫ್ ಶಾಫ್ಟ್ ತುದಿ ತಿರುಗೋ ಕಂಚಿನ ಕೊಳವೆ) ನೋಡಬೇಕು. ಬಿಸಿ 40 ಡಿಗ್ರಿ ಏರಿದರೆ ತಾಮ್ರದ ರೆಸಿಸ್ಟೆನ್ಸ್ ಶೇ. 16ರಷ್ಟು ಏರುತ್ತೆ, ಅಷ್ಟಕ್ಕೇ ಸೆಲ್ಫ್ ನಿಲ್ಲಲ್ಲ. ಬುಷ್ ಸವೆದಿದ್ದರೆ ಭಾರ ಬಿದ್ದಾಗ ಒಳಗೆ ತಿರುಗೋ ಆರ್ಮೇಚರ್ ಒಂದು ಕಡೆ ಜಗ್ಗಿ ಪೋಲ್ ಶೂಗೆ (ಸುತ್ತಲಿನ ಅಯಸ್ಕಾಂತದ ಕಬ್ಬಿಣಕ್ಕೆ) ಉಜ್ಜುತ್ತೆ. ಕೇಬಲ್ ಸುತ್ತ ಹಿಡಿದು ಕರೆಂಟ್ ಅಳೆಯೋ ಡಿಸಿ ಕ್ಲ್ಯಾಂಪ್ ಮೀಟರ್ ಸಿಕ್ಕರೆ ಬಿಚ್ಚೋ ಮುಂಚೆಯೇ ಗೊತ್ತಾಗುತ್ತೆ. ನಿಧಾನ ಸುತ್ತುತ್ತಾ ಕರೆಂಟ್ ಕಡಿಮೆ ಇದ್ದರೆ ಕನೆಕ್ಷನ್ ಅಥವಾ ಕಾರ್ಬನ್ ಬ್ರಷ್. ನಿಧಾನ ಸುತ್ತುತ್ತಾ ಕರೆಂಟ್ ವಿಪರೀತ ಇದ್ದರೆ ಬುಷ್, ಶಾರ್ಟ್ ಆದ ಆರ್ಮೇಚರ್, ಇಲ್ಲವೇ ಇಂಜಿನ್ನೇ ಬಿಗಿ.

ಬಿಚ್ಚೋದಾದರೆ ಮೊದಲು ಬ್ಯಾಟರಿ ಅರ್ತ್ ತೆಗೀರಿ. ಆರ್ಮೇಚರ್ ಶಾಫ್ಟ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ಆಟ ಸಿಕ್ಕಿತು, ಪೋಲ್ ಶೂ ಮೇಲೆ ಹೊಳೆಯೋ ಗೀರು ಕಂಡಿತು ಅಂದರೆ ಎರಡೂ ತುದಿಯ ಬುಷ್ ಬದಲಿಸಿ. ಹೊಸ ಕಂಚಿನ ಬುಷ್ಷನ್ನು ತೆಳು ಇಂಜಿನ್ ಆಯಿಲ್‌ನಲ್ಲಿ 24 ಗಂಟೆ ನೆನೆಸಿಯೇ ಕೂರಿಸಬೇಕು, ಗ್ರೀಸ್ ಅಲ್ಲ. ಕೂರಿಸಿದ ಮೇಲೆ ರೀಮರ್ (ರಂಧ್ರ ಕೆರೆದು ಹಿಗ್ಗಿಸೋ ಟೂಲ್) ಹಾಕಿದರೆ ಎಣ್ಣೆ ಜಿನುಗೋ ಸೂಕ್ಷ್ಮ ರಂಧ್ರ ಮುಚ್ಚಿಹೋಗುತ್ತೆ. ಬ್ರಷ್ 8 ಮಿಮೀಗೆ ಇಳಿದಿದ್ದರೆ ಸೆಟ್ಟೇ ಬದಲಿಸಿ. ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರನ್ನು ನುಣುಪು ಮರಳು ಕಾಗದದಲ್ಲಿ ಉಜ್ಜಿ, ಎಮರಿ ಬೇಡ. ಇನ್ನೊಂದು: ಡೈನಮೋಗೆ ಮಾಡೋ ಹಾಗೆ ಪಟ್ಟಿಗಳ ನಡುವಿನ ಮೈಕಾ ಕೆರೆಯೋಕೆ ಹೋಗ್ತಾರೆ. ಹಳೇ ಲೂಕಾಸ್ ಮಾದರಿಯ ಸೆಲ್ಫ್‌ಗಳಲ್ಲಿ ಅದನ್ನು ಕೆರೆಯಲೇಬಾರದು. ರಿವೈಂಡಿಂಗ್ ಬೇಕೋ ಬೇಡವೋ ಅನ್ನೋದು ಗ್ರೌಲರ್ (ಆರ್ಮೇಚರ್ ಶಾರ್ಟ್ ಪತ್ತೆ ಮಾಡೋ ಉಪಕರಣ) ಮೇಲೆ ಆರ್ಮೇಚರ್ ಇಟ್ಟು ನೋಡಿದ ಮೇಲಿನ ಮಾತು.

ತಂತಿಮಾಮ:
ಒಂದು ಸೇರಿಸ್ತೀನಿ. ಸ್ಟಾರ್ಟ್ ಮಾಡುವಾಗ ಕ್ಲಚ್ ಒತ್ತಿ ಹಿಡಿದು ನೋಡಿ. ಗೇರ್ ಆಯಿಲ್ ತಳ್ಳೋ ಭಾರ ಇಂಜಿನ್ ಮೇಲಿಂದ ತಪ್ಪುತ್ತೆ. ಮತ್ತೆ ಎಷ್ಟೇ ಅವಸರ ಇದ್ದರೂ ಸೆಲ್ಫ್ ಸ್ಟಡ್‌ಗೆ ಪಾನಾ ಇಟ್ಟು ಶಾರ್ಟ್ ಮಾಡಿ ಸ್ಟಾರ್ಟ್ ಮಾಡಬೇಡಿ. ಗೇರ್‌ನಲ್ಲಿ ಇದ್ದರೆ ಗಾಡಿ ಹೊರಟೇಬಿಡುತ್ತೆ, ಆಗ ನೀವು ನಿಂತಿರೋದು ಹಿಂದಿನ ದೊಡ್ಡ ಚಕ್ರದ ಮುಂದೆ.