ಉಗಿ ಬಿಟ್ಟು ಎಣ್ಣೆ ತೆಗೆಯುವ ಕಡೆ ಗ್ರಾವಿಟಿ ಅಳತೆ ಕೆಲಸಕ್ಕೆ ಬರುತ್ತಾ?

ಕಲ್ಲುಪ್ರೇಮಿ_ಧಾರವಾಡ:
ನಾನು ಎಂ.ಎಸ್ಸಿ. ಜಿಯಾಲಜಿ ವಿದ್ಯಾರ್ಥಿನಿ. ಸೆಮಿನಾರ್‌ಗೆ ಕೆನಡಾದ ಅಥಬಾಸ್ಕಾ ಎಣ್ಣೆ ಮರಳಿನ ವಿಷಯ ತೆಗೆದುಕೊಂಡಿದ್ದೇನೆ. ಅಲ್ಲಿ ಸ್ಯಾಗ್‌ಡಿ ವಿಧಾನದಲ್ಲಿ ಒಂದರ ಮೇಲೊಂದು ಎರಡು ಅಡ್ಡ ಬಾವಿ ಕೊರೆಯುತ್ತಾರೆ, ಮಧ್ಯೆ ಸುಮಾರು 5 ಮೀಟರ್. ಮೇಲಿನ ಬಾವಿಯಲ್ಲಿ ಉಗಿ ಬಿಟ್ಟರೆ ಬಿಟುಮೆನ್ (ಟಾರಿನಂಥ ಗಟ್ಟಿ ಎಣ್ಣೆ) ತೆಳುವಾಗಿ ಕೆಳಗಿನದಕ್ಕೆ ಇಳಿಯುತ್ತದೆ. ಅದು ಬಿಟ್ಟುಹೋದ ಜಾಗದಲ್ಲಿ ಉಗಿ ತುಂಬಿ ತೂಕ ಕಡಿಮೆಯಾಗುತ್ತದೆ. ಇದನ್ನು ಗ್ರಾವಿಮೀಟರ್ (ಗುರುತ್ವದ ಸೆಳೆತ ಅಳೆಯುವ ಯಂತ್ರ) ಇಟ್ಟು ನೋಡಬಹುದಂತೆ. 300 ಮೀಟರ್ ಕೆಳಗಿನ ಉಗಿ ಮೇಲೆ ಗೊತ್ತಾಗುತ್ತಾ? ನೆಲದೊಳಗೆ ಕಂಪನದ ಅಲೆ ಕಳಿಸಿ ನೋಡುವ ಸೀಸ್ಮಿಕ್ ಇರುವಾಗ ಇದೇಕೆ?

ಕ್ಯಾಲ್ಗರಿ_ಶೆಟ್ರು:
ಅಥಬಾಸ್ಕಾದ ಫೋರ್ಟ್ ಮೆಕ್‌ಮರ್ರಿ ಊರಿನ ಸುತ್ತ ಆ ಗ್ರಾವಿಮೀಟರ್ ಪೆಟ್ಟಿಗೆ ಹೊತ್ತು ಓಡಾಡಿದವನು ನಾನು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಲೆಕ್ಕ ಹಾಕಿಬಿಡೋಣಮ್ಮ. ಆ ಮರಳಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಟೊಳ್ಳು. ಅದರೊಳಗಿನ ಎಣ್ಣೆ ಬಹುಪಾಲು ಹೋದರೆ ಘನಮೀಟರಿಗೆ ಸುಮಾರು 200 ಕೆಜಿ ಇಳಿಯುತ್ತದೆ. ಸ್ಟೀಮ್ ಚೇಂಬರ್, ಅಂದರೆ ಉಗಿ ತುಂಬಿದ ಜಾಗ, ಬಾವಿಯ ಉದ್ದಕ್ಕೂ 50 ಮೀಟರ್ ಅಗಲ, 20 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. ನೆಲದ ಮೇಲೆ ಸಿಗುವ ವ್ಯತ್ಯಾಸ ಸುಮಾರು 9 ಮೈಕ್ರೋಗ್ಯಾಲ್ (ಸೆಳೆತ ಅಳೆಯುವ ಸಣ್ಣ ಮಾನ). ಭೂಮಿಯ ಒಟ್ಟು ಸೆಳೆತ 98 ಕೋಟಿ ಮೈಕ್ರೋಗ್ಯಾಲ್! ಒಳ್ಳೆ ಯಂತ್ರ, ಪಳಗಿದ ಕೈ ಇದ್ದರೂ ಫೀಲ್ಡಿನಲ್ಲಿ 5ರಷ್ಟು ಆಚೀಚೆ ಆಗುತ್ತದೆ. ಹಾಗಾಗಿ ಒಂದೇ ಜೋಡಿ ಬಾವಿ ಕಂಡೂ ಕಾಣದ ಹಾಗೆ. ಒಂದು ಪ್ಯಾಡ್‌ನಲ್ಲಿ (ಹಲವು ಬಾವಿ ಒಟ್ಟಿಗೆ ಕೊರೆಯುವ ಜಾಗ) ಆರೇಳು ಜೋಡಿ ಇದ್ದರೆ ಒಟ್ಟು ಸೇರಿ ಚೆನ್ನಾಗೇ ಕಾಣುತ್ತದೆ.

ನಿಜವಾದ ತಲೆನೋವು ಕಾಲಡಿಯ ನೆಲ. ಉಗಿಯ ಒತ್ತಡಕ್ಕೆ ಅದು ಉಬ್ಬುತ್ತದೆ. ಒಂದು ಸೆಂಟಿಮೀಟರ್ ಎದ್ದರೆ 3 ಮೈಕ್ರೋಗ್ಯಾಲ್ ಕಡಿಮೆ. ಎಣ್ಣೆ ಹೋದಾಗಲೂ ಕಡಿಮೆಯೇ ಅಲ್ವಾ? ಎರಡನ್ನೂ ಹೇಗೆ ಬೇರೆ ಮಾಡುತ್ತೀರಿ? ಎತ್ತರ ಅಳೆಯದೆ ಮಾಡಿದ ಗ್ರಾವಿಟಿ ಮ್ಯಾಪನ್ನು ನಾನಂತೂ ಬಿಚ್ಚಿಯೂ ನೋಡುವುದಿಲ್ಲ. ಇನ್ನು ಅಂತರ್ಜಲ. ಮರಳಿನಲ್ಲಿ ನೀರು ಒಂದು ಮೀಟರ್ ಏರಿದರೆ ಸುಮಾರು 10 ಮೈಕ್ರೋಗ್ಯಾಲ್ ಜಾಸ್ತಿ, ನಿಮ್ಮ 9 ಅಲ್ಲಿಗೇ ಮಾಯ. ಅಲ್ಲೆಲ್ಲ ಮಸ್ಕೆಗ್ ಅನ್ನುವ ಜೌಗು ಬೇರೆ. ಬೇಸಿಗೆಯಲ್ಲಿ ಯಂತ್ರ ಇಟ್ಟರೆ ನೋಡನೋಡುತ್ತಲೇ ವಾಲುತ್ತದೆ. ನೆಲ ಹೆಪ್ಪುಗಟ್ಟಿದ ಮೇಲೆ, ಪ್ರತಿ ವರ್ಷ ಅದೇ ತಿಂಗಳಲ್ಲಿ ಹೋಗಬೇಕು.

ಸೀಸ್ಮಿಕ್ ವಿಷಯ: ಬಿಟುಮೆನ್ ಬರೀ ಬಿಸಿಯಾದರೂ ಅಲೆಯ ವೇಗ ಇಳಿಯುತ್ತದೆ. ಬಿಸಿಯಾಗಿ ಅಲ್ಲೇ ಕೂತಿದೆಯೋ, ಹರಿದು ಹೋಯಿತೋ? ಅದಕ್ಕೆ ತೂಕವನ್ನೇ ಕೇಳಬೇಕು. ಚೇಂಬರಿನ ಆಕಾರ ಬೇಕಾದರೆ ಮಾತ್ರ ಸೀಸ್ಮಿಕ್ಕೇ ಸರಿ. ಗ್ರಾವಿಟಿಯ ಚಿತ್ರ ಯಾವಾಗಲೂ ಮಬ್ಬು.

ಎಣ್ಣೆಗಾಣ:
ಶೆಟ್ರೇ, ಗುಜರಾತಿನ ಮೆಹ್ಸಾಣಾದಲ್ಲೂ ಹೆವಿ ಆಯಿಲ್ (ಗಟ್ಟಿ ಎಣ್ಣೆ) ಇದೆಯಲ್ಲ. ಬಲೋಲ್, ಸಂಥಾಲ್‌ನಲ್ಲಿ ಒಎನ್‌ಜಿಸಿಯವರು ಗಾಳಿ ಊದಿ ನೆಲದೊಳಗೇ ಉರಿಸಿ ತೆಗೆಯುತ್ತಾರೆ. ಅಲ್ಲಿ ಆಗುತ್ತಾ?

ಕ್ಯಾಲ್ಗರಿ_ಶೆಟ್ರು:
ಕಷ್ಟ. ಅಲ್ಲಿ ಆಳ ಸುಮಾರು ಒಂದು ಕಿಲೋಮೀಟರ್. ಆಳ ಮೂರು ಪಟ್ಟಾದರೆ ಅದೇ ಗುಡ್ಡೆಯ ಸೆಳೆತ ಒಂಬತ್ತರಲ್ಲಿ ಒಂದು ಪಾಲು. ಬಾವಿಯೊಳಗೆ ಇಳಿಸುವ ಗ್ರಾವಿಮೀಟರ್ ಆದರೆ ಯೋಚಿಸಬಹುದು.

ಕಲ್ಲುಪ್ರೇಮಿ_ಧಾರವಾಡ:
ಥ್ಯಾಂಕ್ಸ್ ಸರ್. ಮೂರು ತಿಂಗಳಿಗೊಮ್ಮೆ ಅಳೆದರೆ ಇನ್ನೂ ಒಳ್ಳೆಯದಲ್ವಾ?

ಕ್ಯಾಲ್ಗರಿ_ಶೆಟ್ರು:
ಮೂರು ತಿಂಗಳಿನ ಬದಲಾವಣೆ ಆ 5ರ ಒಳಗೇ ಮುಳುಗಿಹೋಗುತ್ತದೆ. ಸುಮ್ನೆ ಡೀಸೆಲ್ ದಂಡ. ಆ ದುಡ್ಡಿನಲ್ಲಿ ಅಂತರ್ಜಲ ನೋಡಲು ಎರಡು ಸಣ್ಣ ಬಾವಿ ಜಾಸ್ತಿ ತೋಡಿಸಿ.