ಸಿಮ್ಸ್ 4 ಸ್ಟುಡಿಯೋ: ತುಳಸಿ ಕಟ್ಟೆ ಪ್ಯಾಕೇಜ್ ಮಾಡಿದೆ, ದೂರದಿಂದ ನೋಡಿದರೆ ವಿಗ್ರಹ ಕಾಣುತ್ತಿದೆ

ತೊಟ್ಟಿಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸಿಮ್ಸ್ 4ರಲ್ಲಿ ಒಂದು ತೊಟ್ಟಿ ಮನೆ ಕಟ್ಟುತ್ತಿದ್ದೇನೆ. ಕಂಬ, ಜಗಲಿ, ನಡುವಿನ ಅಂಗಳ ಎಲ್ಲವನ್ನೂ ಗೇಮ್‌ನಲ್ಲಿರುವ ಸಾಮಾನಿನಲ್ಲೇ ಹೇಗೋ ಹೊಂದಿಸಿಕೊಂಡೆ. ಆದರೆ ತುಳಸಿ ಕಟ್ಟೆ ಎಲ್ಲಿ ಸಿಗಬೇಕು? ಅದಕ್ಕೇ 3ಡಿ ಮಾಡೆಲ್ ಮಾಡುವ ಬ್ಲೆಂಡರ್‌ನಲ್ಲಿ ನಾನೇ ಒಂದು ಮಾಡಿದೆ. ಕೆಳಗೆ ಎರಡು ಮೆಟ್ಟಿಲು, ಮೇಲೆ ನಾಲ್ಕು ಮುಖದ ಕಟ್ಟೆ, ಮುಂದೆ ದೀಪ ಇಡುವ ಗೂಡು, ತುದಿಯಲ್ಲಿ ಗಿಡ. ಗೇಮ್‌ಗೆ ಹೊಸ ಸಾಮಾನು ಮಾಡುವ ಟೂಲ್ ಸಿಮ್ಸ್ 4 ಸ್ಟುಡಿಯೋದಲ್ಲಿ ಬೇಸ್ ಗೇಮ್‌ನ (ಪ್ಯಾಕ್‌ಗಳಿಲ್ಲದ ಮೂಲ ಗೇಮ್) ಒಂದು ಕಲ್ಲಿನ ವಿಗ್ರಹವನ್ನು ಕ್ಲೋನ್ ಮಾಡಿ, ಅದರ ಮೆಶ್ (3ಡಿ ಆಕಾರ) ತೆಗೆದು ನನ್ನದನ್ನು ಇಂಪೋರ್ಟ್ ಮಾಡಿ, ಪ್ಯಾಕೇಜ್ ಸೇವ್ ಮಾಡಿ ಮಾಡ್ಸ್ ಫೋಲ್ಡರ್‌ಗೆ ಹಾಕಿದೆ.

ಗೇಮ್‌ನಲ್ಲಿ ಬಂತು, ಖುಷಿ ಆಯ್ತು. ಆದರೆ ಕ್ಯಾಮೆರಾ ಹತ್ತಿರ ಇದ್ದಾಗ ಮಾತ್ರ ತುಳಸಿ ಕಟ್ಟೆ, ಸ್ವಲ್ಪ ಹಿಂದೆ ಹೋದರೆ ಫಟ್ ಅಂತ ಹಳೇ ವಿಗ್ರಹ ಎದ್ದು ನಿಲ್ಲುತ್ತದೆ! ಹತ್ತಿರ ಇದ್ದಾಗಲೂ ನೆಲದ ಮೇಲೆ ಬೀಳುವ ನೆರಳು ವಿಗ್ರಹದ್ದೇ. ಎಲೆಗಳ ಸುತ್ತ ಕಪ್ಪು ಚೌಕ ಕಾಣುತ್ತದೆ, ಟೆಕ್ಸ್ಚರ್‌ನಲ್ಲಿ (ಮೆಶ್‌ಗೆ ಹೊದಿಸುವ ಚಿತ್ರ) ಆ ಜಾಗ ಪಾರದರ್ಶಕವಾಗಿಯೇ ಇದೆ. ಸಿಮ್‌ಗಳು (ಗೇಮ್‌ನ ಜನ) ಮೆಟ್ಟಿಲಿನ ಮೂಲೆಯೊಳಗಿಂದಲೇ ನಡೆದು ಹೋಗುತ್ತಾರೆ. ಇನ್ನೊಂದು, ಇದೇ ಪ್ಯಾಕೇಜ್ ಫೈಲನ್ನು ಕಾಪಿ ಮಾಡಿ, ಹೆಸರು ಬದಲಿಸಿ, ಅದರಲ್ಲಿ ಒಂದು ಒರಳು ಕಲ್ಲು ಹಾಕಿದೆ. ಈಗ ಕ್ಯಾಟಲಾಗ್‌ನಲ್ಲಿ ಒರಳು ಮಾತ್ರ ಇದೆ, ಕಟ್ಟೆ ಮಾಯ. ಒರಳಿನ ಫೈಲ್ ತೆಗೆದರೆ ಕಟ್ಟೆ ವಾಪಸ್ ಬರುತ್ತದೆ.

ಇಷ್ಟೂ ಬೇರೆ ಬೇರೆ ತೊಂದರೆಗಳಾ ಅಥವಾ ಒಂದೇ ಕಡೆ ಏನಾದರೂ ತಪ್ಪಿದೆಯಾ? ಯಾರಾದರೂ ದಾರಿ ಹೇಳಿ.

---

ಪಾಲಿಗಾನ್ ಪುಟ್ಟ:

ಮೆಶ್‌ಗಳ ಟ್ಯಾಬ್‌ನಲ್ಲಿ ಲೆವೆಲ್ ಆಫ್ ಡೀಟೇಲ್ (ಎಷ್ಟು ದೂರಕ್ಕೆ ಯಾವ ಮೆಶ್ ಅನ್ನುವುದು) ಅಂತ ಒಂದು ಡ್ರಾಪ್‌ಡೌನ್ ಇರುತ್ತದೆ ನೋಡಿ. ನೀವು ಹೈ ಒಂದಕ್ಕೇ ಇಂಪೋರ್ಟ್ ಮಾಡಿದ್ದೀರಿ ಅನ್ನಿಸುತ್ತದೆ. ಮಿಕ್ಕವಕ್ಕೂ ಮಾಡಿ. ವಿಗ್ರಹ ಹೋಗುತ್ತದೆ.

---

ಬ್ಲೆಂಡರ್ ಮಿಕ್ಸಿ:

ಪುಟ್ಟ ಹೇಳಿದ್ದು ಸರಿ, ಆದರೆ ಪೂರ್ತಿ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಈ ಸ್ಟುಡಿಯೋ ನಿಮ್ಮ ಮಾಡೆಲ್ ತೆಗೆದುಕೊಂಡು ಹೊಸದಾಗಿ ಒಂದು ವಸ್ತು ಮಾಡುವುದಿಲ್ಲ. ಗೇಮ್‌ನಲ್ಲಿರುವ ಒಂದು ವಸ್ತುವನ್ನು ಬುಡಸಮೇತ ನಕಲು ಮಾಡಿ, ಬೇರೆ ಗುರುತಿನ ಸಂಖ್ಯೆ ಕೊಟ್ಟು ಪ್ಯಾಕೇಜ್‌ಗೆ ಹಾಕುತ್ತದೆ. ನೀವು ಯಾವುದನ್ನು ಬದಲಿಸಿದಿರೋ ಅದು ಮಾತ್ರ ನಿಮ್ಮದು. ಬದಲಿಸದೆ ಬಿಟ್ಟದ್ದೆಲ್ಲ ಇನ್ನೂ ವಿಗ್ರಹವೇ. ನಿಮ್ಮ ಪಟ್ಟಿಯಲ್ಲಿ ಒರಳು ಒಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಇದೇ ಕಥೆ.

ಮೊದಲು ದೂರದ ವಿಷಯ. ಕ್ಯಾಮೆರಾ ಹಿಂದೆ ಹೋದಂತೆ ಗೇಮ್ ಅದೇ ವಸ್ತುವಿನ ಹಗುರವಾದ ಮೆಶ್ ತೋರಿಸುತ್ತದೆ. ಹೈ, ಮೀಡಿಯಂ, ಕೆಲವು ಸಾಮಾನಿಗೆ ಲೋ ಕೂಡ ಇರುತ್ತದೆ. ಹೈಗೆ ಹಾಕಿದ ಮೆಶ್‌ಗೆ ಡೆಸಿಮೇಟ್ ಮಾಡಿಫೈಯರ್ ಹಾಕಿ ಮುಖಗಳನ್ನು (ಮೆಶ್ ಕಟ್ಟುವ ಚಿಕ್ಕ ಚಿಕ್ಕ ಸಮತಲಗಳು) ಅರ್ಧಕ್ಕೆ ಇಳಿಸಿ, ಅದನ್ನು ಮೀಡಿಯಂಗೆ ಹಾಕಿ. ಮೆಟ್ಟಿಲಿನ ಅಂಚು ಸೊಟ್ಟ ಆದರೆ ತಲೆ ಕೆಡಿಸಿಕೊಳ್ಳಬೇಡಿ, ಆ ದೂರದಿಂದ ಯಾರಿಗೂ ಕಾಣುವುದಿಲ್ಲ. ಹೈ ಮೆಶ್ಶನ್ನೇ ಎಲ್ಲ ಕಡೆ ಹಾಕುವವರೂ ಇದ್ದಾರೆ. ನಡೆಯುತ್ತದೆ, ಆದರೆ ಅಂಥ ಸಾಮಾನು ತುಂಬಿದ ಮನೆ ಹಳೇ ಲ್ಯಾಪ್‌ಟಾಪ್‌ನಲ್ಲಿ ತೆವಳುತ್ತದೆ.

ನೆರಳು ಎರಡು ಥರ ಇರುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಒಂದು, ಬಿಸಿಲಿಗೆ ಬೀಳುವ ನೆರಳು. ಅದಕ್ಕೆ ಡ್ರಾಪ್‌ಡೌನ್‌ನಲ್ಲೇ ಹೈ ಶ್ಯಾಡೋ, ಮೀಡಿಯಂ ಶ್ಯಾಡೋ ಅಂತ ಬೇರೆ ಮೆಶ್ ಇದೆ. ಅಲ್ಲಿಗೂ ನಿಮ್ಮ ಕಟ್ಟೆಯ ಆಕಾರ ಹೋಗಬೇಕು. ಇನ್ನೊಂದು, ವಸ್ತು ನೆಲಕ್ಕೆ ಅಂಟಿಕೊಂಡ ಹಾಗೆ ಕಾಣಲಿ ಅಂತ ಬುಡದಲ್ಲಿ ಒಂದು ತೆಳು ಹಾಳೆ ಇಟ್ಟಿರುತ್ತಾರೆ, ಮಸುಕು ಕಪ್ಪು ಟೆಕ್ಸ್ಚರ್‌ನದ್ದು. ಬ್ಲೆಂಡ್ ಫೈಲ್ ತೆರೆದಾಗ ಎಸ್4ಸ್ಟುಡಿಯೋ_ಮೆಶ್_0, ಮೆಶ್_1 ಅಂತ ಕಾಣುತ್ತವಲ್ಲ, ಅದರಲ್ಲಿ ನೆಲಕ್ಕೆ ಚಪ್ಪಟೆಯಾಗಿ ಮಲಗಿರುವುದೇ ಆ ಹಾಳೆ. ಅದನ್ನು ಅಳಿಸಬೇಡಿ. ಎಡಿಟ್ ಮೋಡ್‌ಗೆ ಹೋಗಿ, ನಿಮ್ಮ ಕಟ್ಟೆಯ ಬುಡಕ್ಕಿಂತ ಒಂಚೂರು ದೊಡ್ಡದಾಗುವಷ್ಟು ಹಿಗ್ಗಿಸಿ, ಸಾಕು.

ಎಲೆಯ ಕಪ್ಪು ಚೌಕಕ್ಕೆ ನಿಮ್ಮ ಟೆಕ್ಸ್ಚರ್ ಕಾರಣ ಅಲ್ಲ. ಕಲ್ಲಿನ ವಿಗ್ರಹದಲ್ಲಿ ಪಾರದರ್ಶಕ ಭಾಗ ಯಾಕೆ ಬೇಕು? ಹಾಗಾಗಿ ಅದರ ಶೇಡರ್ (ಮೇಲ್ಮೈ ಹೇಗೆ ಕಾಣಬೇಕು ಅಂತ ನಿರ್ಧರಿಸುವುದು) ಆಲ್ಫಾವನ್ನು, ಅಂದರೆ ಪಾರದರ್ಶಕತೆಯನ್ನು, ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಪ್ಯಾಕೇಜ್‌ನ ಒಳಭಾಗಗಳ ಪಟ್ಟಿ ಇರುವ ವೇರ್‌ಹೌಸ್ ಟ್ಯಾಬ್‌ಗೆ ಹೋಗಿ ಮೆಟೀರಿಯಲ್ ತಿದ್ದುವವರಿದ್ದಾರೆ, ನಾನಂತೂ ಹಾಗೆ ಮಾಡುವುದಿಲ್ಲ. ವಿಗ್ರಹ ಬಿಟ್ಟುಬಿಡಿ. ಬೇಸ್ ಗೇಮ್‌ನಲ್ಲಿ ಕುಂಡದಲ್ಲಿರುವ ಅಲಂಕಾರದ ಗಿಡ ಸುಮಾರಿವೆ, ಅವುಗಳಲ್ಲಿ ಕುಂಡ ಒಂದು ಕಟ್ (ಮೆಶ್‌ನ ತುಂಡು), ಎಲೆ ಇನ್ನೊಂದು ಕಟ್ ಆಗಿರುವುದನ್ನು ಹುಡುಕಿ ಕ್ಲೋನ್ ಮಾಡಿ. ಕುಂಡದ ಜಾಗಕ್ಕೆ ಕಟ್ಟೆ, ಎಲೆಯ ಜಾಗಕ್ಕೆ ತುಳಸಿ. ಎಲೆಯ ಕಟ್‌ಗೆ ಆಲ್ಫಾ ಮೊದಲೇ ಇರುತ್ತದೆ. ಅರ್ಧ ಕೆಲಸ ಕ್ಲೋನ್ ಆರಿಸುವುದರಲ್ಲೇ ಮುಗಿದುಹೋಗುತ್ತದೆ. ಜನ ಮಾತ್ರ ಕೈಗೆ ಸಿಕ್ಕಿದ್ದನ್ನು ಆರಿಸಿ ಆಮೇಲೆ ಅದರ ಜೊತೆ ಗುದ್ದಾಡುತ್ತಾರೆ.

ಹೊಸ ಮೆಶ್ ಸೇರಿಸುವಾಗ ಎರಡು ವಿಷಯ ನೋಡಿಕೊಳ್ಳಿ. ಯುವಿ ಮ್ಯಾಪ್‌ನ (ಟೆಕ್ಸ್ಚರ್ ಮೆಶ್ ಮೇಲೆ ಎಲ್ಲಿ ಕೂರಬೇಕು ಅನ್ನುವ ನಕ್ಷೆ) ಹೆಸರು ಯುವಿ_0 ಅಂತಲೇ ಇರಬೇಕು. ಬ್ಲೆಂಡರ್ ತಾನಾಗಿ ಕೊಡುವ ಯುವಿಮ್ಯಾಪ್ ಅನ್ನುವ ಹೆಸರಿನಲ್ಲೇ ಬಿಟ್ಟು ಎರಡು ಮೆಶ್ ಜಾಯಿನ್ ಮಾಡಿದರೆ ಟೆಕ್ಸ್ಚರ್ ಪೂರ್ತಿ ಕಲಸಿಹೋಗುತ್ತದೆ. ಎರಡನೆಯದು ವರ್ಟೆಕ್ಸ್ ಗ್ರೂಪ್, ಅಂದರೆ ಮೆಶ್‌ನ ಬಿಂದುಗಳ ಗುಂಪು. ಮೂಲ ಮೆಶ್‌ನಲ್ಲಿ ಯಾವ ಹೆಸರಿನ ಗ್ರೂಪ್ ಇದೆಯೋ (ಹೆಚ್ಚಾಗಿ ಟ್ರಾನ್ಸ್‌ಫಾರ್ಮ್‌ಬೋನ್) ಅದಕ್ಕೇ ನಿಮ್ಮ ಎಲ್ಲ ವರ್ಟೆಕ್ಸ್‌ಗಳನ್ನೂ ಅಸೈನ್ ಮಾಡಿ.

---

ಕರಾವಳಿ ಮಾಡರ್:

ಮಿಕ್ಸಿಯವರು ಸಿಮ್‌ಗಳು ಮೆಟ್ಟಿಲೊಳಗೆ ನುಗ್ಗುವುದನ್ನು ಮರೆತರು ಮಾರಾಯ್ರೇ, ನಾನು ಹೇಳುತ್ತೇನೆ. ಅದು ಫುಟ್‌ಪ್ರಿಂಟ್, ಅಂದರೆ ವಸ್ತು ನೆಲದಲ್ಲಿ ಹಿಡಿಯುವ ಜಾಗ. ಸಿಮ್‌ಗಳಿಗೆ ಮೆಶ್ ಕಾಣುವುದೇ ಇಲ್ಲ, ಫುಟ್‌ಪ್ರಿಂಟ್ ಎಷ್ಟು ಅಗಲ ಇದೆಯೋ ಅಷ್ಟಕ್ಕೆ ಸುತ್ತು ಹಾಕಿಕೊಂಡು ನಡೆಯುತ್ತಾರೆ. ಬ್ಲೆಂಡರ್‌ನ ಒಂದು ಯೂನಿಟ್ ಅಂದರೆ ಗೇಮ್‌ನ ಒಂದು ಟೈಲ್ (ನೆಲದ ಒಂದು ಚೌಕ). ನಿಮ್ಮ ಕಟ್ಟೆ ಮೆಟ್ಟಿಲು ಸೇರಿ ಎಷ್ಟಗಲ ಇದೆ ಅಂತ ಮೊದಲು ಅಳೆಯಿರಿ. ಒಂದು ಟೈಲ್‌ನ ವಿಗ್ರಹದ ಮೇಲೆ ಎರಡು ಟೈಲ್‌ನ ಕಟ್ಟೆ ಕೂರಿಸಿದ್ದರೆ ಸುತ್ತಲೂ ಅರ್ಧ ಅರ್ಧ ಟೈಲ್ ಗಾಳಿಯ ಲೆಕ್ಕ.

ವೇರ್‌ಹೌಸ್‌ನಲ್ಲಿ ಫುಟ್‌ಪ್ರಿಂಟ್ ಅನ್ನುವ ಐಟಂ ಇದೆ, ಅದರೊಳಗೆ ಮೂಲೆಗಳ ಅಂಕಿ ಕಾಣುತ್ತದೆ. ನಡುವೆ ಸೊನ್ನೆ, ಒಂದು ಟೈಲ್‌ಗೆ ಅತ್ತ 0.5 ಇತ್ತ ಮೈನಸ್ 0.5. ಎರಡು ಟೈಲ್‌ಗೆ ಅದು 1 ಮತ್ತು ಮೈನಸ್ 1 ಆಗಬೇಕು. ತಿದ್ದಬಹುದು. ಆದರೆ ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಬೇರೆ: ಎರಡು ಟೈಲ್ ಜಾಗ ಹಿಡಿಯುವ ಗಿಡವನ್ನೇ ಹುಡುಕಿ ಕ್ಲೋನ್ ಮಾಡಿ, ಆಗ ಆ ಅಂಕಿಗಳ ಸಹವಾಸವೇ ಬೇಡ.

ಗೂಡಿನಲ್ಲಿ ದೀಪ ಹಚ್ಚುವ ಆಸೆ ಇದ್ದರೆ ಅದನ್ನು ಕಟ್ಟೆಯ ಜೊತೆ ಸೇರಿಸಬೇಡಿ. ಒಂದು ಮೇಣದಬತ್ತಿ ಕ್ಲೋನ್ ಮಾಡಿ ಹಣತೆಯನ್ನು ಪ್ರತ್ಯೇಕ ವಸ್ತು ಮಾಡಿ. ಬೆಂಕಿಯ ಜಾಗ ಮೆಶ್‌ನಲ್ಲಿ ಇರುವುದಿಲ್ಲ, ಹಾಗಾಗಿ ಎತ್ತರದ ಬತ್ತಿಯನ್ನು ಕ್ಲೋನ್ ಮಾಡಿ ಗಿಡ್ಡ ಹಣತೆ ಇಟ್ಟರೆ ಜ್ವಾಲೆ ಒಂದು ಗೇಣು ಮೇಲೆ ತೇಲುತ್ತಿರುತ್ತದೆ. ಗಿಡ್ಡ ಬತ್ತಿಯನ್ನೇ ಆರಿಸಿ. ಗೂಡಿನೊಳಗೆ ಇಡಲು ಬಿಬಿ.ಮೂವ್‌ಆಬ್ಜೆಕ್ಟ್ಸ್ ಚೀಟ್ (ವಸ್ತುಗಳನ್ನು ಒಂದರೊಳಗೊಂದು ಇಡಲು ಬಿಡುವ ಸಂಕೇತ) ಸಾಕು.

---

ಹಳೇ ಸಿಮ್:

ಒರಳಿನ ಉತ್ತರ ನಾನು ಕೊಡುತ್ತೇನೆ, ಇದು ಸಿಮ್ಸ್ 2 ಕಾಲದಿಂದ ಬಂದ ರೋಗ. 2004ರಲ್ಲಿ ಆ ಗೇಮ್ ಬಂದಮೇಲೆ ಸಿಮ್‌ಪಿಇ ಅಂತ ಒಂದು ಹವ್ಯಾಸಿ ಟೂಲ್ ಇತ್ತು. ಅದರಲ್ಲಿ ಆಬ್ಜೆಕ್ಟ್ ವರ್ಕ್‌ಶಾಪ್‌ನಲ್ಲಿ ಕ್ಲೋನ್ ಮಾಡಿದರೆ ಪ್ರತಿ ವಸ್ತುವಿಗೂ ಒಂದು ಜಿಯುಐಡಿ (ಗುರುತಿನ ಸಂಖ್ಯೆ) ಬೇಕು. ಇಬ್ಬರ ವಸ್ತುವಿಗೆ ಒಂದೇ ಸಂಖ್ಯೆ ಬಿದ್ದರೆ ಒಂದು ಇನ್ನೊಂದನ್ನು ನುಂಗುತ್ತಿತ್ತು. ಘರ್ಷಣೆ ಆಗದಿರಲಿ ಅಂತ ಜನ ಆ ಸಂಖ್ಯೆಗಳನ್ನು ನೋಂದಾಯಿಸಿಕೊಳ್ಳುತ್ತಿದ್ದರು ಕೂಡ!

ಈಗ ಅದನ್ನೆಲ್ಲ ಸ್ಟುಡಿಯೋನೇ ನೋಡಿಕೊಳ್ಳುತ್ತದೆ, ಆದರೆ ಹೊಸದಾಗಿ ಕ್ಲೋನ್ ಮಾಡಿದಾಗ ಮಾತ್ರ. ಗೇಮ್ ಫೈಲಿನ ಹೆಸರು ನೋಡುವುದಿಲ್ಲ, ಪ್ಯಾಕೇಜ್ ಒಳಗಿರುವ ಪ್ರತಿ ರಿಸೋರ್ಸ್‌ಗೂ ಟೈಪ್, ಗ್ರೂಪ್, ಇನ್‌ಸ್ಟೆನ್ಸ್ ಅಂತ ಮೂರು ಸಂಖ್ಯೆ ಇರುತ್ತದೆ, ಅದನ್ನು ನೋಡುತ್ತದೆ. ನೀವು ವಿಂಡೋಸ್‌ನಲ್ಲಿ ಕಾಪಿ ಮಾಡಿ ಹೆಸರು ಬದಲಿಸಿದ ಫೈಲಿನೊಳಗೆ ಆ ಮೂರೂ ಹಾಗೇ ಉಳಿದಿವೆ. ಗೇಮ್ ಪಾಲಿಗೆ ಒರಳೂ ಕಟ್ಟೆಯೂ ಒಂದೇ ವಸ್ತು. ಒರಳಿಗೆ ಸ್ಟುಡಿಯೋದಲ್ಲಿ ಮೊದಲಿನಿಂದ ಬೇರೆ ಕ್ಲೋನ್ ಮಾಡಿಕೊಳ್ಳಿ. ಬ್ಲೆಂಡ್ ಫೈಲ್ ಇದ್ದೇ ಇದೆಯಲ್ಲ, ಹತ್ತು ನಿಮಿಷದ ಕೆಲಸ.

ಬಣ್ಣ ಮಾತ್ರ ಬೇರೆ ಬೇಕು ಅಂದರೆ ಹೊಸ ಪ್ಯಾಕೇಜ್ ಬೇಡ, ಅದೇ ಪ್ಯಾಕೇಜ್‌ನಲ್ಲಿ ಸ್ವಾಚ್ (ಬಣ್ಣದ ಆಯ್ಕೆ) ಸೇರಿಸಿ. ಸುಣ್ಣ ಬಳಿದದ್ದು ಒಂದು, ಕೆಮ್ಮಣ್ಣಿನದು ಒಂದು, ಬರೀ ಕಲ್ಲಿನದು ಒಂದು.

---

ಪಾಲಿಗಾನ್ ಪುಟ್ಟ:

ಒರಳು ನೀವೇ ಮಾಡಿದ್ದಾ ಅಥವಾ ಎಲ್ಲಿಂದಾದರೂ ಇಳಿಸಿಕೊಂಡದ್ದಾ? ಇಳಿಸಿಕೊಂಡದ್ದಾದರೆ ಮುಖಗಳ ಸಂಖ್ಯೆ ನೋಡಿ. ಫೋಟೋ ತೆಗೆದು ಸ್ಕ್ಯಾನ್ ಮಾಡಿದ ಕಲ್ಲಿನ ಮಾಡೆಲ್‌ಗಳಲ್ಲಿ ಲಕ್ಷಗಟ್ಟಲೆ ಮುಖ ಇರುತ್ತದೆ, ಅದನ್ನು ಹಾಗೇ ತುರುಕಿದರೆ ಸ್ಟುಡಿಯೋ ಒದ್ದಾಡುತ್ತದೆ, ಗೇಮ್ ಕೂಡ. ಕೆಲವೇ ಸಾವಿರಕ್ಕೆ ಇಳಿಸಿ, ಒರಟುತನ ಎಲ್ಲ ನಾರ್ಮಲ್ ಮ್ಯಾಪ್‌ಗೆ (ಉಬ್ಬುತಗ್ಗು ಇರುವಂತೆ ತೋರಿಸುವ ಚಿತ್ರ) ಬೇಕ್ ಮಾಡಿ, ಅಂದರೆ ಆ ಚಿತ್ರಕ್ಕೆ ಇಳಿಸಿ. ಲೈಸೆನ್ಸ್ ಕೂಡ ಓದಿ. ಉಚಿತವಾಗಿ ಸಿಕ್ಕಿತು ಅಂದ ಮಾತ್ರಕ್ಕೆ ಹಂಚಬಹುದು ಅಂತಲ್ಲ, ಮಾಡಿದವರ ಹೆಸರು ಹಾಕಲೇಬೇಕು ಅನ್ನುವ ಷರತ್ತು ತುಂಬಾ ಮಾಡೆಲ್‌ಗಳಿಗೆ ಇರುತ್ತದೆ.

---

ತೊಟ್ಟಿಮನೆ:

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಕುಂಡದ ಗಿಡ ಕ್ಲೋನ್ ಮಾಡಿ ಮೊದಲಿನಿಂದ ಮಾಡಿದೆ. ಎಲೆ ಈಗ ಎಲೆಯ ಹಾಗೇ ಇದೆ, ದೂರದಿಂದಲೂ ಕಟ್ಟೆಯೇ ಕಾಣುತ್ತದೆ, ನೆರಳೂ ಸರಿ. ಎರಡು ಟೈಲ್‌ನ ಗಿಡ ನನಗೆ ಹೊಂದುವಂಥದ್ದು ಸಿಗಲಿಲ್ಲ, ಫುಟ್‌ಪ್ರಿಂಟ್ ಅಂಕಿಯನ್ನೇ ತಿದ್ದಿದೆ, ಸಿಮ್‌ಗಳು ಸುತ್ತು ಹಾಕಿಕೊಂಡು ಹೋಗುತ್ತಿದ್ದಾರೆ (ಪ್ರದಕ್ಷಿಣೆ ಅಂದುಕೊಳ್ಳೋಣ). ಒರಳು ನಾನೇ ಮಾಡಿದ್ದು, ಅದೂ ಬೇರೆಯಾಗಿ ಬಂತು.

ಎರಡು ಪ್ರಶ್ನೆ ಉಳಿದಿವೆ. ಕ್ಯಾಟಲಾಗ್‌ನಲ್ಲಿ ಕಟ್ಟೆಯ ಚಿಕ್ಕ ಚಿತ್ರ ಮಾತ್ರ ಇನ್ನೂ ಹಳೆಯದೇ. ಮತ್ತೆ ನನ್ನ ತಂಗಿಗೆ ಫೈಲ್ ಕಳಿಸಿದೆ, ಅವಳ ಗೇಮ್‌ನಲ್ಲಿ ಏನೂ ಕಾಣುತ್ತಿಲ್ಲ. ಕಟ್ಟೆ, ಒರಳು, ಹಣತೆ ಮೂರನ್ನೂ ಸೇರಿಸಿ ಒಂದೇ ಪ್ಯಾಕೇಜ್ ಮಾಡಿ ಕಳಿಸಿದರೆ ಒಳ್ಳೆಯದಾ?

---

ಹಳೇ ಸಿಮ್:

ಚಿತ್ರದ್ದು ಸುಲಭ. ಗೇಮ್ ಮುಚ್ಚಿ, ಡಾಕ್ಯುಮೆಂಟ್ಸ್ ಒಳಗಿನ ಎಲೆಕ್ಟ್ರಾನಿಕ್ ಆರ್ಟ್ಸ್, ಅದರೊಳಗೆ ದಿ ಸಿಮ್ಸ್ 4 ಫೋಲ್ಡರ್‌ಗೆ ಹೋಗಿ ಲೋಕಲ್‌ಥಂಬ್‌ಕ್ಯಾಶ್.ಪ್ಯಾಕೇಜ್ ಅನ್ನುವ ಫೈಲ್ ಅಳಿಸಿ. ಭಯ ಬೇಡ, ಗೇಮ್ ತಾನೇ ಹೊಸದು ಮಾಡಿಕೊಳ್ಳುತ್ತದೆ.

ತಂಗಿಗೆ ಮೊದಲು ಕೇಳಿ, ಜಿಪ್ ಬಿಚ್ಚಿದಳಾ ಅಂತ. ಪ್ಯಾಕೇಜ್ ಫೈಲ್ ಜಿಪ್‌ನೊಳಗೇ ಇದ್ದರೆ ಗೇಮ್ ಅದನ್ನು ಓದುವುದಿಲ್ಲ. ಆಮೇಲೆ ಗೇಮ್ ಆಪ್ಷನ್ಸ್‌ನ ಅದರ್ ವಿಭಾಗದಲ್ಲಿ ಕಸ್ಟಮ್ ಕಂಟೆಂಟ್ ಮತ್ತು ಮಾಡ್ಸ್‌ಗೆ ಟಿಕ್ ಇದೆಯಾ ನೋಡಲಿ, ಪ್ರತಿ ಅಪ್‌ಡೇಟ್ ಬಂದಾಗಲೂ ಗೇಮ್ ಆ ಟಿಕ್ಕನ್ನು ತಾನಾಗಿ ತೆಗೆದುಬಿಡುತ್ತದೆ. ಟಿಕ್ ಹಾಕಿದ ಮೇಲೆ ಗೇಮ್ ಮುಚ್ಚಿ ಮತ್ತೆ ತೆರೆಯಬೇಕು. ಫೋಲ್ಡರ್ ಒಳಗೆ ಫೋಲ್ಡರ್ ಅಂತ ತುಂಬಾ ಆಳಕ್ಕೆ ಇಟ್ಟಿದ್ದರೂ ಸಿಗುವುದಿಲ್ಲ, ಪ್ಯಾಕೇಜ್‌ಗೆ ಐದು ಹಂತದವರೆಗೆ ಪರವಾಗಿಲ್ಲ.

---

ಬ್ಲೆಂಡರ್ ಮಿಕ್ಸಿ:

ಹಣತೆಗೆ ಕ್ಲೋನ್ ಮಾಡಿದ ಮೇಣದಬತ್ತಿ ಬೇಸ್ ಗೇಮ್‌ನದ್ದೇನಾ? ಬೇಸ್ ಗೇಮ್ 2022ರ ಅಕ್ಟೋಬರ್‌ನಿಂದ ಎಲ್ಲರಿಗೂ ಉಚಿತ, ಅದರಿಂದ ಮಾಡಿದ್ದು ಎಲ್ಲರ ಹತ್ತಿರವೂ ಕೆಲಸ ಮಾಡುತ್ತದೆ. ದುಡ್ಡು ಕೊಟ್ಟು ತೆಗೆದುಕೊಂಡ ಪ್ಯಾಕ್‌ನ ಸಾಮಾನನ್ನು ಕ್ಲೋನ್ ಮಾಡಿದ್ದರೆ, ತಂಗಿಯ ಹತ್ತಿರ ಆ ಪ್ಯಾಕ್ ಇಲ್ಲದಿದ್ದಾಗ ತೊಂದರೆ ಕೊಡಬಹುದು. ಸ್ಟುಡಿಯೋದಲ್ಲಿ ಸಾಮಾನು ಆರಿಸುವಾಗ ಪ್ಯಾಕ್ ಪ್ರಕಾರ ಫಿಲ್ಟರ್ ಇದೆ, ಬೇಸ್ ಗೇಮ್ ಅಂತ ಹಾಕಿಕೊಂಡೇ ಕೂತುಕೊಳ್ಳಿ.

ಮೂರನ್ನು ಸೇರಿಸುವ ವಿಷಯದಲ್ಲಿ ನನ್ನ ಅಭಿಪ್ರಾಯ ಬೇಡ ಅಂತಲೇ. ಟೂಲ್ಸ್ ಮೆನುವಿನಲ್ಲಿ ಮರ್ಜ್ ಇದೆ, ಕೆಲಸವೂ ಮಾಡುತ್ತದೆ. ಆದರೆ ನಾಳೆ ಒಂದು ಅಪ್‌ಡೇಟ್ ಬಂದು ಹಣತೆ ಕೆಟ್ಟಿತು ಅನ್ನಿ, ಆಗ ಅದೊಂದನ್ನೇ ತೆಗೆದು ನೋಡಲು ಸುಲಭವಾಗಿ ಆಗುವುದಿಲ್ಲ. ಕೆಟ್ಟ ಫೈಲ್ ಹುಡುಕುವಾಗ ನಾವು ಮಾಡುವುದೇನು? ಅರ್ಧ ಫೈಲ್ ಆಚೆ ಇಟ್ಟು ಗೇಮ್ ತೆರೆಯುವುದು, ತೊಂದರೆ ಯಾವ ಅರ್ಧದಲ್ಲಿದೆಯೋ ಅದನ್ನು ಮತ್ತೆ ಅರ್ಧ ಮಾಡುವುದು. ಎಲ್ಲ ಒಂದೇ ಫೈಲ್ ಆದರೆ ಆ ಉಪಾಯವೂ ಹೋಯಿತು. ನೂರಾರು ಸಾಮಾನು ಇದ್ದು ಗೇಮ್ ಲೋಡ್ ಆಗುವುದು ನಿಧಾನ ಆದವರಿಗೆ ಮರ್ಜ್ ಸರಿ, ಮೂರಕ್ಕೆ ಯಾಕೆ? ಬಿಡಿಬಿಡಿಯಾಗಿ ಒಂದು ಜಿಪ್‌ನಲ್ಲಿ ಹಾಕಿ ಕಳಿಸಿ.

ಫೈಲ್ ಹೆಸರಿನಲ್ಲಿ ನಿಮ್ಮ ಹೆಸರು ಮೊದಲು, ವಸ್ತುವಿನ ಹೆಸರು ಆಮೇಲೆ ಬರಲಿ. ಇಂಗ್ಲಿಷ್ ಅಕ್ಷರದಲ್ಲೇ ಕೊಡಿ, ಸ್ಪೇಸ್ ಬದಲು ಅಂಡರ್‌ಸ್ಕೋರ್. ಬ್ಲೆಂಡ್ ಫೈಲ್‌ಗಳನ್ನೂ ಟೆಕ್ಸ್ಚರ್‌ನ ಮೂಲ ಫೈಲ್‌ಗಳನ್ನೂ ಮಾಡ್ಸ್ ಫೋಲ್ಡರ್‌ನಲ್ಲಿ ಇಡಬೇಡಿ, ಬೇರೆ ಕಡೆ ಜೋಪಾನ ಮಾಡಿ. ಹೊಸ ಬ್ಲೆಂಡರ್ ಬಂತು ಅಂತ ಅದರಲ್ಲಿ ತೆರೆದು ಸೇವ್ ಮಾಡುವ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಸ್ಟುಡಿಯೋದ ಸೆಟ್ಟಿಂಗ್ಸ್‌ನಲ್ಲಿ ನೀವು ತೋರಿಸಿರುವ ಬ್ಲೆಂಡರ್ ಯಾವುದೋ ಅದರಲ್ಲೇ ಕೊನೆಯ ಸೇವ್ ಆಗಿರಲಿ.